ಕೆಂಪು ಬಾಳೆಯ ತೂಕ ಕೂಡದ ದಿನ

ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಮೊಣಕಾಲು ತೋರಿಸಿಕೊಂಡು ಹೊರಬರುವಷ್ಟರಲ್ಲಿ ಸಾಕುಸಾಕಾಗಿತ್ತು. ನಮ್ಮೂರು ಕಮಲಾಪುರಕ್ಕೆ ಒಬ್ಬನೇ ಹೋಗುವ ಬದಲು ಮೊಮ್ಮಗಳ ಜೊತೆ ಹೋದರಾಯಿತೆಂದು ಅವಳು ಸೇರಿದ್ದ ಬಾಳೆಹಣ್ಣಿನ ಮಳಿಗೆಗೆ ಕಾಲೆಳೆದುಕೊಂಡು ಹೋದೆ. ಸೇರಿದ್ದಳು ಅನ್ನುವುದೂ ಪೂರಾ ಖರೆಯಲ್ಲ. ಈ ಹಂಗಾಮಿನಲ್ಲಿ ಬಂದ ಕೆಂಪು ಬಾಳೆಯ ಒಟ್ಟು ತೂಕ ಸಂಜೆಯೊಳಗೆ ತೆಗೆದುಕೊಟ್ಟರೆ ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ ಎಂದಿದ್ದರು ಮಾಲಕರು.

ಅವಳು ಕಂಪ್ಯೂಟರಿನ ಮುಂದೆ ತಲೆ ಹಿಡಿದು ಕೂತಿದ್ದಳು.

"ಏನಾಯ್ತವ್ವ?"

"ಕೂಡ್ಸಂಗಿಲ್ಲ ಅಂತದ ಮುತ್ಯಾ ಇದು."

ಪರದೆಯ ತುಂಬ ಚೌಕಗಳು. ಕೆಂಪು ಬಾಳೆ, ಏಲಕ್ಕಿ ಬಾಳೆ ಎಲ್ಲ ಕಲಸಿಹೋಗಿದ್ದವು. ಕೆಂಪು ಬಾಳೆಯನ್ನೂ ಒಬ್ಬೊಬ್ಬರು ಒಂದೊಂದು ಹೆಸರಿನಲ್ಲಿ ಬರೆದಿದ್ದರು. ಅದು ಬೆಳೆಯುವ ಊರಿನ ಹೆಸರು ಹಿಡಿದು ಬರೀ 'ಕಮಲಾಪುರ' ಎಂದವರೂ ಇದ್ದರು. ಹಾಗಾಗಿ ಹೆಸರು ಹೇಳಿ ಕೂಡಿಸೆಂದರೆ ಅರ್ಧ ಬಿಟ್ಟುಹೋಗುತ್ತದಂತೆ. ಅದಕ್ಕೇ ಬೆಳಗಿನಿಂದ ಒಂದೊಂದೇ ಚೌಕ ಒತ್ತಿ, ನಡುವೆ ಕೂಡಿಸುವ ಗುರುತು ಹಾಕುತ್ತ ಬಂದಿದ್ದಳು. ಕೊನೆಗೆ ಕಂಪ್ಯೂಟರು, ಸೂತ್ರ ಬಹಳ ಉದ್ದವಾಯಿತು ಎಂದು ಕೈಚೆಲ್ಲಿತ್ತು.

"ತುಕಡಿ ತುಕಡಿ ಮಾಡಿ ಕೂಡ್ಸು" ಅಂದೆ, ನನಗೇನೋ ತಿಳಿದವನಂತೆ.

"ಮಾಡಿ ನೋಡ್ದೆ. ಎಲ್ಲಿತನ ಆಗ್ಯಾದ, ಯಾವ್ದು ಬಿಟ್ಟಾದ, ಒಂದೂ ತಿಳಿವಲ್ದು."

"ಹಂಗಾದ್ರ ಮೊದ್ಲ ಉಣ್ಣು."

"ನೀ ಸುಮ್ನ ಕೂಡು ಮುತ್ಯಾ!"

ಕೂತೆ. ಸೊಂಟವೂ ಹಿಡಿದುಕೊಂಡಿತು. ನೋಡನೋಡುತ್ತಲೇ ಅವಳು ಆ ಉದ್ದನೆಯ ಸೂತ್ರವನ್ನೆಲ್ಲ ಅಳಿಸಿದಳು. ಆಮೇಲೆ ಪಕ್ಕದ ಖಾಲಿ ಚೌಕಗಳ ಸಾಲಿನಲ್ಲಿ, ಕೆಂಪು ಬಾಳೆ ಇದ್ದಲ್ಲೆಲ್ಲ ಒಂದೊಂದು ಗುರುತು ಹಾಕುತ್ತ ಕೆಳಗಿಳಿದಳು.

"ಈಗ ಗುರ್ತು ಇದ್ದದ್ದಷ್ಟ ಕೂಡ್ಸು ಅಂತ ಒಂದ ಮಾತು ಹೇಳಿದ್ರ ಆಯ್ತು."

"ನಮ್ಮ ಕುರಿ ಗುರ್ತಿಗೆ ಬಣ್ಣ ಹಚ್ಚಿದಂಗ ಅನ್ನು."

"ಹ್ಞೂಂ, ಕುರಿ ಕಾಯೋದ ಇದೂ" ಎಂದು ನಕ್ಕಳು. ಬೆಳಗಿನಿಂದ ಅದೇ ಮೊದಲ ನಗೆ ಇದ್ದೀತು.

ನನಗೆ ಜೋಂಪು ಹತ್ತಿತ್ತು. ಕಣ್ಣು ಬಿಟ್ಟಾಗ ಮಾಲಕರು ಪರದೆಗೆ ಬಗ್ಗಿ, ಅಲ್ಲೊಂದು ಇಲ್ಲೊಂದು ಗುರುತು ತಾಳೆ ನೋಡುತ್ತಿದ್ದರು.

"ತೂಕ ಬರೊಬ್ಬರಿ ಕೂಡ್ಯಾದ. ಮುತ್ಯಾ, ನಿಮ್ಮ ಮೊಮ್ಮಗಳೇನ್ರೀ?"

"ಹೌದ್ರೀ!" ನನ್ನ ದನಿಗೆ ಗೊನೆ ಇಳಿಸುವವರೂ ತಿರುಗಿ ನೋಡಿದರು.

"ನಾಳಿಂದ ಖಾಯಂ ಬರ್ತೀ ಏನವ್ವ?"

"ಬರ್ತಾಳ್ರೀ!" ಅಂದೆ.

"ಮುತ್ಯಾ, ಅವ್ರು ಕೇಳಿದ್ದು ನನಗ!"

ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಪಕ್ಕದಲ್ಲಿ ನಿಂತವನಿಗೆ ಇದನ್ನೆಲ್ಲ ಹೇಳತೊಡಗಿದೆ. ಮುಗಿಯುವ ಮೊದಲೇ ಕಮಲಾಪುರ ಬಂದುಬಿಟ್ಟಿತು.