ಹೆಬ್ಬೆರಳಿನ ಜುಮ್

ಕಳೆದ ಡಿಸೆಂಬರ್‌ನಲ್ಲಿ ನಡೆದದ್ದು. ಸಂಡೂರಿನ ಗಣಿಯೊಂದರಲ್ಲಿ ಅದಿರು ಲಾರಿ ಚಾಲಕರ ಆರೋಗ್ಯ ತಪಾಸಣೆಗೆ ಹೋಗಿದ್ದೆ. ಟ್ಯೂನಿಂಗ್ ಫೋರ್ಕ್ ಎಂಬ ಉಕ್ಕಿನ ಕವೆಯನ್ನು ಬಡಿದು, ಕಂಪಿಸುತ್ತಿರುವಾಗಲೇ ಕಾಲಿನ ಹೆಬ್ಬೆರಳಿಗಿಟ್ಟು, ಜುಮ್ ಅನ್ನುತ್ತದೆಯೇ ಎಂದು ಕೇಳುವುದು ನನ್ನ ಕೆಲಸ. ದೇಹದ ಅತಿ ಉದ್ದದ ನರಗಳು ಪಾದಕ್ಕೆ ಹೋಗುತ್ತವೆ. ಸಕ್ಕರೆ ಕಾಯಿಲೆ ಸಾಮಾನ್ಯವಾಗಿ ಮೊದಲು ಕೆಡಿಸುವುದೂ ಅವನ್ನೇ.

ಮರಿಯಮ್ಮನಹಳ್ಳಿಯ ಹಿರಿಯ ಚಾಲಕರೊಬ್ಬರು ಕಣ್ಣು ಮುಚ್ಚಿ ಕುಳಿತರು. ಉತ್ತರ ನಿಜವೇ ಎಂದು ನೋಡಲು ಕವೆಯನ್ನು ಬಡಿಯದೆ ಇಟ್ಟೆ.

"ಜುಮ್ ಅಂತೈತೇನ್ರಿ ಅಣ್ಣಾ?"

"ಭಾಳ ಅಂತೈತ್ರಿ ಸರ."

"ನಾನಿನ್ನೂ ಬಡದೇ ಇಲ್ಲಲ್ರಿ."

"ಹಂಗಾದ್ರ ನಿಮ್ಮ ಕೈನ ನಡಗಾಕತ್ತೈತಿ. ಡಾಕ್ಟ್ರಿಗೆ ತೋರ್ಸ್ರಿ."

ಬಡಿದು ಒಂದು ಕಾಲಿಗಿಟ್ಟೆ. ಯಾವ ಕಾಲು ಎಂದು ಕೇಳಿದೆ.

"ಎರಡೂ," ಎಂದರು. ಆಮೇಲೆ ದನಿ ತಗ್ಗಿಸಿದರು. "ಇಲ್ಲ ಅಂದ್ರ ಗಾಡಿ ಕಸ್ಕೊಂತಾರ್ರಿ."

"ಮತ್ತ ಬ್ರೇಕ್ ಹೆಂಗ ಒತ್ತೀರಿ?"

"ಕಾಲು ಎಲ್ಲೈತಂತ ಬಗ್ಗಿ ನೋಡ್ತೀನ್ರಿ."

ಪಾದಗಳಲ್ಲಿ ಸ್ಪರ್ಶಜ್ಞಾನವಿಲ್ಲ, ಲಾರಿ ಕೊಡಬಾರದು ಎಂದು ಬರೆದುಕೊಟ್ಟೆ. ಗಣಿಯ ಮ್ಯಾನೇಜರ್ ಅದನ್ನು ಬಹಳ ವೈಜ್ಞಾನಿಕವಾಗಿ ಮರುಪರಿಶೀಲಿಸಿದರು: "ಜುಮ್ ಅಂತೈತೇನು?" ಎಂದು ಚಾಲಕರನ್ನೇ ಕೇಳಿದರು.

ಅಂದು ಪರೀಕ್ಷೆಗೆ ಬಂದ ಚಾಲಕರು ಮೂವತ್ತೆಂಟು. ಪಾಸಾದವರು ಮೂವತ್ತೆಂಟು.