ಸೊಂಟದುದ್ದದ ಒಡ್ಡು

ಮೂವತ್ತೊಂದು ವರ್ಷದ ಹಿಂದೆ, ಆಷಾಢದ ಒಂದು ಬೆಳಗ್ಗೆ, ಲೋಕಪ್ಪ ತಮ್ಮ ಹಿತ್ತಲ ಒಡ್ಡಿನಿಂದ ಒಂದು ಹಿಡಿ ಹಸಿ ಮಣ್ಣು ಕೈಗೆತ್ತಿಕೊಂಡು ಕೆಳಗಿನ ಮನೆಯ ಗುಡ್ಡಮ್ಮನಿಗೆ ಮಾತು ಕೊಟ್ಟರು. "ನಾವು ಈ ಮನೇಲಿ ಇರೋತನಕ ನಮ್ಮ ಹಿತ್ತಲ ನೀರು ನಿಮ್ಮ ಕಡೆ ಬಿಡಲ್ಲ ಅಕ್ಕಾ. ಈ ಒಡ್ಡಿಗೆ ಗುದ್ದಲಿ ಮುಟ್ಟಿಸಲ್ಲ." ಹಿಂದಿನ ದಿನ ಮೆಣಸಿನ ಸಸಿ ಉಳಿಸಿಕೊಳ್ಳಲು ಅವರೇ ಒಡ್ಡು ಕಡಿದಿದ್ದರು. ತಗ್ಗಿನಲ್ಲಿದ್ದ ಗುಡ್ಡಮ್ಮನ ಮನೆಯ ಹಿಂದಿನ ಮಣ್ಣಿನ ಗೋಡೆ ನೀರು ಕುಡಿದು ಕುಸಿಯಿತು. ಗಬ್ಬದ ಎಮ್ಮೆ ಅದರಡಿ ಸಿಕ್ಕಿ ಸತ್ತಿತು. ಮಾತು ಕೇಳಿದ ಗುಡ್ಡಮ್ಮ ಲೋಕಪ್ಪನ ಕೈಯ ಮಣ್ಣು ಇಸಕೊಂಡು, ಅದನ್ನು ಒಡ್ಡಿನ ಮೇಲೆ ಹಾಕಿ, ಕಾಲಲ್ಲಿ ತುಳಿದು ಒಳಗೆ ಹೋದರು.

ಲೋಕಪ್ಪ ಈಗಿಲ್ಲ. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಮಾತು ಹೆಂಡತಿ ಯಮುನಮ್ಮನ ಪಾಲಿಗೆ ಬಂದಿದೆ.

ಬೆಳಗಿನ ಐದೂವರೆ. ಅಂಜನಾಪುರದ ಕಡೆಯಿಂದ ಬರುವ ಮೊದಲ ಬಸ್ಸಿಗೆ ಇನ್ನೂ ಒಂದು ತಾಸಿದೆ. ಶಿಕಾರಿಪುರ ತಾಲ್ಲೂಕಿನ ಈ ಸಣ್ಣ ಊರಿನ ಕೊನೆಯ ಓಣಿಯಲ್ಲಿ, ಐವತ್ತೆಂಟು ವರ್ಷದ ಯಮುನಮ್ಮ ಸೀರೆಯನ್ನು ಮೊಣಕಾಲ ಮೇಲಕ್ಕೆ ಸಿಕ್ಕಿಸಿ, ತಲೆಗೆ ಟವೆಲ್ ಸುತ್ತಿ, ಮಣ್ಣು ಕಡಿಯುತ್ತಿದ್ದಾರೆ. ಗುದ್ದಲಿ ಎತ್ತಿ ಬಿಟ್ಟರೆ ಪಚಕ್ಕೆಂದು ಕೆಸರು ಹಾರುತ್ತದೆ. ಹಿತ್ತಲ ಮೇಲಂಚಿನಿಂದ ಹಳ್ಳದವರೆಗೆ ಎಂಬತ್ತು ಮಾರು ಬಸಿಗಾಲುವೆ ತೋಡಬೇಕು. ಮೂವತ್ತೊಂದು ಮಾರು ಮುಗಿದಿದೆ. ದಿನಕ್ಕೆ ಎರಡು ಮಾರು ಅವರ ಲೆಕ್ಕ. ಗಟ್ಟಿ ನೆಲ ಸಿಕ್ಕರೆ ಒಂದೇ.

ಕಾಲುವೆಯ ಪಕ್ಕದಲ್ಲಿ ಐದು ಗುಂಟೆ ಹಿತ್ತಲು ಬಹುಪಾಲು ಬೋಳಾಗಿ ಮಲಗಿದೆ. ಸೊಪ್ಪಿನ ಯಮುನಮ್ಮ ಎಂದರೆ ಶಿಕಾರಿಪುರದ ಬಸ್ ಸ್ಟ್ಯಾಂಡ್ ಹತ್ತಿರ ಗುರುತು ಹಿಡಿಯದವರಿಲ್ಲ. ಮೊನ್ನೆಯ ಮಳೆಯವರೆಗೆ ಇಲ್ಲಿದ್ದದ್ದು ಇಪ್ಪತ್ತಾರು ಮಡಿ. ಹರಿವೆ, ಪಾಲಕ್, ಮೆಂತ್ಯ, ಸಬ್ಬಸಿಗೆ, ಪುಂಡಿ, ಅಂಚಿಗೆ ಬದನೆ, ಮೂಲೆಯಲ್ಲಿ ಬಸಳೆ ಚಪ್ಪರ. ದಿನಕ್ಕೆ ತೊಂಬತ್ತು ಕಟ್ಟು ಸೊಪ್ಪು ಇಲ್ಲಿಂದ ಬುಟ್ಟಿಯೇರಿ ಹೋಗುತ್ತಿತ್ತು. ಇಪ್ಪತ್ತೆರಡು ವರ್ಷ ಹೀಗೇ ನಡೆದಿದೆ. ಮಗಳು ಚೈತ್ರ ಓದಿದ್ದು, ಲೋಕಪ್ಪನ ಕೊನೆಯ ಎರಡು ವರ್ಷದ ಔಷಧಿ, ಮನೆಯ ಹಂಚು, ಎಲ್ಲ ಈ ಕಟ್ಟುಗಳಿಂದಲೇ.

"ಸೊಪ್ಪು ಅಂದ್ರೆ ಕೂಸಿದ್ದಂಗ್ರೀ," ಎನ್ನುತ್ತಾರೆ ಯಮುನಮ್ಮ, ಗುದ್ದಲಿಯ ಹಿಡಿಗೆ ಗದ್ದ ಊರಿ. "ಒಂದಿನ ನೋಡ್ಲಿಲ್ಲ ಅಂದ್ರೆ ಮುಖ ಊದಿಸ್ಕೊಂಡು ಕೂತಿರ್ತದೆ."

ಮೊದಲು ಈ ಹಿತ್ತಲಲ್ಲಿ ನೀರು ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಬಿದ್ದ ಮಳೆ ಅರ್ಧ ದಿನದಲ್ಲಿ ಪಶ್ಚಿಮಕ್ಕೆ ಜಾರಿ ರಸ್ತೆ ಬದಿಯ ಚರಂಡಿ ಸೇರುತ್ತಿತ್ತು. ಈಗ ರಸ್ತೆಗೆ ಕಾಂಕ್ರೀಟ್ ಬಿದ್ದಿದೆ, ರಸ್ತೆಯ ಜೊತೆ ಚರಂಡಿಯೂ ಎರಡು ಗೇಣು ಮೇಲೆದ್ದಿದೆ. ಪೂರ್ವಕ್ಕೆ, ಏರಿನಲ್ಲಿ, ಯತೀಶ ಗುತ್ತಿಗೆಗೆ ಹಿಡಿದ ಶುಂಠಿ ಹೊಲ. ಶುಂಠಿಗೆ ಬುಡದಲ್ಲಿ ನೀರು ನಿಂತರೆ ಕೊಳೆ ಹತ್ತುತ್ತದೆ, ಹಾಗಾಗಿ ಪ್ರತಿ ಏರುಮಡಿಯ ನಡುವೆ ಕಾಲುವೆ. ಎಲ್ಲ ಕಾಲುವೆಯ ಬಾಯಿಯೂ ಯಮುನಮ್ಮನ ಹಿತ್ತಲ ಕಡೆಗೆ. ಉತ್ತರಕ್ಕೆ ಸ್ವಂತ ಮನೆ. ಉಳಿದದ್ದು ದಕ್ಷಿಣದ ಒಡ್ಡು. ಅದರಾಚೆ ಗುಡ್ಡಮ್ಮನ ಮನೆ.

ಆ ಒಡ್ಡಿನದೇ ಒಂದು ಕಥೆ. ಮಾತು ಕೊಟ್ಟ ವರ್ಷ ಅದು ಮೊಣಕಾಲುದ್ದ ಇತ್ತು. ಆ ವರ್ಷದ ಭೂಮಿ ಹುಣ್ಣಿಮೆಯ ದಿನ, ಹೊಲಕ್ಕೆ ಎಡೆಯನ್ನದ ಚರಗ ಚೆಲ್ಲಿ ಬಂದ ಲೋಕಪ್ಪ ಒಡ್ಡಿನ ಮೇಲೆ ಒಂದು ಪುಟ್ಟಿ ಮಣ್ಣು ಹಾಕಿದರು. ಅದನ್ನು ನೋಡಿ ಗುಡ್ಡಮ್ಮನೂ ತಮ್ಮ ಕಡೆಯಿಂದ ಒಂದು ಪುಟ್ಟಿ ತಂದು ಹಾಕಿದರು. ಮಾರನೇ ವರ್ಷವೂ ಹಾಗೇ. ಒಂದು ಪುಟ್ಟಿ ಮೂರಾಯಿತು, ಮೂರು ಹತ್ತಾಯಿತು. ಎರಡು ಮನೆಯವರ ನಡುವೆ ಬೇರೆ ಕೊಡುಕೊಳ್ಳುವಿಕೆ ಏನೇ ಇರಲಿ ಬಿಡಲಿ, ಹುಣ್ಣಿಮೆಗೆ ಒಡ್ಡಿಗೆ ಮಣ್ಣು ತಪ್ಪಲಿಲ್ಲ. ಮೂವತ್ತೊಂದು ಹುಣ್ಣಿಮೆಗೆ ಒಡ್ಡು ಸೊಂಟಕ್ಕೆ ಬಂತು. ಊರಿನವರು ಹೊಗಳಿದರು. ಅಷ್ಟೆತ್ತರದ ಒಡ್ಡಿನ ಹಿಂದೆ ಎಷ್ಟು ನೀರು ನಿಲ್ಲಬಹುದು ಎಂದು ಎರಡೂ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ.

"ಮಾತು ಗಟ್ಟಿ ಆಗ್ಲಿ ಅಂತ ಮಣ್ಣು ಹಾಕ್ತಾ ಹೋದ್ವಿ," ಯಮುನಮ್ಮ ಒಡ್ಡಿನ ಕಡೆ ಕೈ ತೋರಿಸುತ್ತಾರೆ. "ಕೈಯಾರೆ ಕೆರೆ ಕಟ್ಕೊಂಡಿದ್ವಿ ಅಂತ ಈ ಶ್ರಾವಣದಾಗೆ ಗೊತ್ತಾತು."

ಈ ಶ್ರಾವಣದಲ್ಲಿ ಮಳೆ ಐದು ದಿನ ಬಿಡದೆ ಹೊಡೆಯಿತು. ಮೊದಲ ದಿನ ಮಡಿಗಳ ನಡುವಿನ ದಾರಿ ಮುಳುಗಿತು. ಎರಡನೇ ದಿನ ಮಡಿಗಳೇ ಮುಳುಗಿ ಹರಿವೆಯ ತುದಿ ಮಾತ್ರ ಕೆಂಪಗೆ ನೀರ ಮೇಲೆ ಕಾಣುತ್ತಿತ್ತು. ಯಮುನಮ್ಮ ಛತ್ರಿ ಹಿಡಿದು ಯತೀಶನ ಹತ್ತಿರ ಹೋದರು.

"ಕಾಲುವೆ ಬಾಯಿ ಒಂದೆರಡು ದಿನ ಮುಚ್ಚಪ್ಪ," ಎಂದು ಕೇಳಿದರು.

"ಮುಚ್ಚಿದ್ರೆ ನನ್ನ ಶುಂಠಿ ಕೊಳೆತು ಗೊಬ್ಬರ ಆಗ್ತದೆ ಯಮುನಕ್ಕಾ," ಯತೀಶ ಅಂದರು. "ನೀರು ತಗ್ಗಿಗೆ ಹೋಗದೆ ನನ್ನ ಮಾತು ಕೇಳಿ ಏರಿಗೆ ಹೋಗ್ತದಾ? ನಿಮ್ಮ ಒಡ್ಡಿಗೊಂದು ಬಾಯಿ ಬಿಡಿ. ಒಂದು ತಾಸಿನ ಕೆಲಸ."

"ಅದೊಂದು ಹೇಳಬ್ಯಾಡ."

"ಹಂಗಾದ್ರೆ ಸೊಪ್ಪಿನ ಬದ್ಲು ಮೀನು ಹಾಕಿ," ಎಂದು ಯತೀಶ ನಕ್ಕರಂತೆ. ಯಮುನಮ್ಮನಿಗೂ ನಗು ಬಂತಂತೆ, ಆ ಹೊತ್ತಿನಲ್ಲೂ.

ಬಾಡಿಗೆಗೆ ತಂದ ಪಂಪು ಎರಡು ತಾಸು ಓಡಿತು, ಕರೆಂಟು ಹೋಯಿತು, ಮತ್ತೆ ಬರಲಿಲ್ಲ. ಅಲ್ಲಿಂದ ಬಕೆಟ್. ರಸ್ತೆ ದಾಟಿ ಆಚೆಯ ಗುಂಡಿಗೆ ಸುರಿಯಬೇಕು, ಈಚೆ ಸುರಿದರೆ ತಿರುಗಿ ಹಿತ್ತಲಿಗೇ ಬರುತ್ತದೆ. ಮೂರನೇ ದಿನ ಅಮ್ಮ ಮಗಳು ಸೇರಿ ನಾನೂರು ಬಕೆಟ್ ಹೊತ್ತರು. ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ ಮಾಡುವ ಚೈತ್ರ ರಜೆ ಹಾಕಿದ್ದಳು. ಸಂಜೆ ನೋಡಿದರೆ, ಬೆಳಗಿನ ನೀರಿನ ಮಟ್ಟಕ್ಕೆಂದು ಬದನೆ ಗಿಡಕ್ಕೆ ಕಟ್ಟಿದ್ದ ಗುರುತಿನ ದಾರದಿಂದ ನೀರು ನಾಲ್ಕು ಬೆರಳು ಮೇಲೇ ಇತ್ತು. ಅಮ್ಮನ ಕಾಲ್ಬೆರಳ ಸಂದಿಯೆಲ್ಲ ಬೆಳ್ಳಗೆ ಬೆಂದು ಕೆಸರುಹುಣ್ಣು ಎದ್ದಿತ್ತು. ಚೈತ್ರ ಅರಿಶಿನ ಎಣ್ಣೆ ಹಚ್ಚುತ್ತ ಅಂದಳು.

"ಅವ್ವಾ, ಮಾತು ಕೊಟ್ಟಿದ್ದು ಅಪ್ಪ. ನೀನಲ್ಲ."

"ನಾನು ಪಕ್ಕದಾಗೆ ನಿಂತಿದ್ದೆ."

"ಗುಡ್ಡಮ್ಮ ದೊಡ್ಡವ್ವನ ಗೋಡೆಗೆ ಏನೂ ಆಗಲ್ಲ ಬಿಡು. ಈಗ ಸಿಮೆಂಟು ಗಿಲಾವು ಮಾಡ್ಸ್ಯಾರೆ."

"ಒಳಗಿರೋದು ಮಣ್ಣೇ ಅಲ್ವೇನೇ," ಎಂದು ಯಮುನಮ್ಮ ಮಾತು ಮುಗಿಸಿದರು.

ನಾಲ್ಕನೇ ದಿನ ಬೆಳಗ್ಗೆ ಮಳೆ ಸ್ವಲ್ಪ ಹೊಳವಾಯಿತು. ಯಮುನಮ್ಮ ಚಪ್ಪರದ ಬಸಳೆಯನ್ನೂ ನೀರಿಂದ ಮೇಲಿದ್ದ ಹರಿವೆ ತುದಿಯನ್ನೂ ಚಿವುಟಿ, ಇಪ್ಪತ್ತೆರಡು ಕಟ್ಟು ಮಾಡಿ ಮೊದಲ ಬಸ್ಸು ಹಿಡಿದರು. ಬರುವ ಗಿರಾಕಿ ಕಾಯುತ್ತಾರೆ, ತಪ್ಪಿಸಿದರೆ ಬೇರೆ ಬುಟ್ಟಿ ನೋಡಿಕೊಳ್ಳುತ್ತಾರೆ ಎಂಬ ಭಯ. ಬಾಗಿಲಲ್ಲಿ ನಿಂತ ಚೈತ್ರ, ಅಮ್ಮ ಕುಂಟುತ್ತ ಬಸ್ಸು ಹತ್ತುವುದನ್ನು ನೋಡಿದಳು. ಒಳಗೆ ಬಂದಳು. ಮೂಲೆಯ ಗುದ್ದಲಿ ತೆಗೆದುಕೊಂಡಳು. ಒಡ್ಡಿನ ನಡುಮಧ್ಯ ಒಂದು ಮೊಳ ಅಗಲ ಕಡಿದಳು.

"ನಂಗೆ ಅವ್ವನ ಕಾಲು ಬಿಟ್ರೆ ಬೇರೇನೂ ಕಾಣ್ತಿರಲಿಲ್ಲ," ಎನ್ನುತ್ತಾಳೆ ಚೈತ್ರ. ಮೇಲೆ ನೋಡಿ ಮಾತಾಡುವುದಿಲ್ಲ.

ಕಟ್ಟು ಬೇಗ ಖಾಲಿಯಾಗಿ ಯಮುನಮ್ಮ ಎಂಟೂವರೆಗೆಲ್ಲ ಊರಲ್ಲಿ ಇಳಿದರು. ರಸ್ತೆಯಿಂದಲೇ ಹಿತ್ತಲು ಕಂಡಿತು. ನೀರು ಇಳಿದಿತ್ತು. ಮಡಿಗಳ ಬೆನ್ನು ಎದ್ದಿತ್ತು, ಮೆತ್ತಗೆ ಬಾಗಿದ್ದ ಪಾಲಕ್ ಹಸಿರಾಗೇ ಇತ್ತು. ಒಂದು ಗಳಿಗೆ ಅವರ ಎದೆ ಹಗುರಾಯಿತು. ಆಮೇಲೆ ಸದ್ದು ಕೇಳಿಸಿತು.

ಬುಟ್ಟಿ ರಸ್ತೆಯಲ್ಲೇ ಬಿತ್ತು. ಕಡಿದ ಜಾಗದಲ್ಲಿ ನೀರು ಕೆಂಪಗೆ ಧುಮುಕುತ್ತ ಗುಡ್ಡಮ್ಮನ ಹಿಂಗೋಡೆಗೆ ಬಡಿಯುತ್ತಿತ್ತು. ಯಮುನಮ್ಮ ಗುದ್ದಲಿ ಹುಡುಕಲಿಲ್ಲ. ಆ ಬಾಯಿಗೆ ಬೆನ್ನು ಕೊಟ್ಟು ಕೂತೇಬಿಟ್ಟರು. ನೀರು ಬೆನ್ನಿಗೆ ಬಡಿದು ಹೆಗಲ ಮೇಲೆ ಸಿಡಿಯಿತು. "ಚೀಲ ತಾರೇ! ಗೊಬ್ಬರದ ಚೀಲ ತಾರೇ ಮೂಳಿ!" ಎಂದು ಕೂಗಿದ್ದು ಓಣಿಯ ತುದಿಗೂ ಕೇಳಿಸಿತಂತೆ. ಚೈತ್ರ ಅಳುತ್ತ ಒಂದೊಂದೇ ಚೀಲ ಎಳೆದು ತಂದಳು. ತುಂಬಿದ್ದ ಬೂದಿ ಚೀಲ, ಗೊಬ್ಬರದ ಚೀಲ, ಕೊನೆಗೆ ಮನೆಯ ಹಾಸಿಗೆ.

ಆಗ ಒಡ್ಡಿನ ಆಚೆ ಗುಡ್ಡಮ್ಮ ಬಂದು ನಿಂತರು. ಎಪ್ಪತ್ತೊಂದು ವರ್ಷ, ಸೊರಬದ ಕಡೆಯಿಂದ ಮದುವೆಯಾಗಿ ಬಂದವರು, ಐವತ್ತು ವರ್ಷವಾದರೂ ಆ ಕಡೆಯ ಮಾತು ಬಿಟ್ಟಿಲ್ಲ. ಮೊಣಕಾಲುದ್ದ ನೀರಲ್ಲಿ ನಿಂತಿದ್ದರು. ತಲೆಯ ಮೇಲೆ ಪುಟ್ಟಿ, ಪುಟ್ಟಿಯಲ್ಲಿ ಮಣ್ಣು.

"ಎಂತ ಕೂತ್ಕಂಡಿದ್ದೀ ಮಾರಾಯ್ತಿ, ನೀರಿಗೆ ಅಡ್ಡ? ಏಳು. ನೀನು ಕೊಚ್ಚಿಕಂಡು ಹೋದ್ರೆ ನನಗೆ ಸೊಪ್ಪು ಕೊಡೋರು ಯಾರು?"

"ಅಕ್ಕಾ, ತಪ್ಪಾತು."

"ತಪ್ಪು ಆಮೇಲೆ ಮಾತಾಡಾಣ. ಹಿಡಿ ಇದನ್ನ."

ಒಂದು ಪುಟ್ಟಿ, ಎರಡು ಪುಟ್ಟಿ. ಆಚೆಯಿಂದ ಗುಡ್ಡಮ್ಮ ಕೊಟ್ಟರು, ಈಚೆಯಿಂದ ಯಮುನಮ್ಮ ಹಾಕಿ ತುಳಿದರು. ಚೈತ್ರಳ ಮುಖವನ್ನು ಇಬ್ಬರೂ ನೋಡಲಿಲ್ಲ. ಒಡ್ಡಿನ ಬಾಯಿ ಮುಚ್ಚುವಾಗ ಬೆಳಿಗ್ಗೆ ಒಂಬತ್ತು ಗಂಟೆ. ಏಳೂವರೆಯಿಂದ ಒಂಬತ್ತರವರೆಗೆ, ಒಂದೂವರೆ ತಾಸು ಅದು ತೆರೆದಿತ್ತು. ಗುಡ್ಡಮ್ಮನ ಹಿಂದಿನ ಕೋಣೆಯಲ್ಲಿ ಗೇಣುದ್ದ ನೀರು ನಿಂತಿತ್ತು. ಮಳೆಗಾಲಕ್ಕೆಂದು ಕೂಡಿಟ್ಟ ಸೌದೆ ತೇಲಿತ್ತು. ಗೋಡೆ ಬೀಳಲಿಲ್ಲ. ಬುಡದ ಗಿಲಾವು ಕಳಚಿ, ಒಳಗಿನ ಮಣ್ಣು ಕರಗಿ, ಹೊಟ್ಟೆ ಬಿಟ್ಟುಕೊಂಡಿತು. ಈಗಲೂ ಅದಕ್ಕೆ ನಾಲ್ಕು ಬಿದಿರಿನ ಊರುಗೋಲು ಕೊಟ್ಟು ನಿಲ್ಲಿಸಿದ್ದಾರೆ. ಗುಡ್ಡಮ್ಮ ಆ ಕೋಣೆಯಲ್ಲಿ ಮಲಗುವುದು ಬಿಟ್ಟು ಒಲೆಯ ಪಕ್ಕಕ್ಕೆ ಬಂದಿದ್ದಾರೆ.

ಹಿತ್ತಲು ಮಧ್ಯಾಹ್ನದ ಹೊತ್ತಿಗೆ ಮತ್ತೆ ತುಂಬಿತು. ಮತ್ತೆರಡು ದಿನ ನಿಂತಿತು. ಮಳೆ ನಿಂತು ನೀರು ಇಂಗಿದ ದಿನ ಎಲ್ಲ ಗಿಡವೂ ಹಸಿರಾಗಿಯೇ ಇತ್ತು, ನೋಡಿದವರು ಉಳಿಯಿತು ಅಂದರು. ಯಮುನಮ್ಮ ಅನ್ನಲಿಲ್ಲ. ಒಂದು ಬದನೆ ಗಿಡ ಕಿತ್ತು ಬೇರು ಮೂಸಿದರು. ಬೇರು ಬೆಳ್ಳಗಿದ್ದರೆ ಜೀವ, ಕಂದಾಗಿ ನಾತ ಬಂದರೆ ಮುಗಿಯಿತು. ಕಂದಾಗಿತ್ತು.

"ನೀರಾಗಿದ್ದಾಗ ಸಾಯಲ್ರೀ ಅವು. ಬಿಸಿಲು ಬಿದ್ದ ಮೇಲೆ ಸಾಯ್ತಾವೆ," ಎನ್ನುತ್ತಾರೆ. "ಎಲಿ ನೀರು ಬೇಕಂತದೆ, ಬೇರು ಸತ್ತಿರ್ತದೆ, ಕೊಡೋರಿಲ್ಲ."

ಮೂರನೇ ಬಿಸಿಲಿಗೆ ಇಪ್ಪತ್ತಾರು ಮಡಿಯಲ್ಲಿ ಇಪ್ಪತ್ಮೂರು ಬಾಡಿ ನೆಲಕ್ಕಂಟಿದವು. ಅವನ್ನು ಆಕೆ ಕೂಡಲೇ ಕಿತ್ತು ಹಾಕಲಿಲ್ಲ. ಹಸಿ ಮಡಿ ತುಳಿದರೆ ಮಣ್ಣು ಕಲ್ಲಾಗುತ್ತದೆ, ಮುಂದಿನ ಬೀಜ ಮೇಲೇಳುವುದಿಲ್ಲ. ಹಲಗೆ ಹಾಸಿ, ಅದರ ಮೇಲೆ ಕೂತು, ಕೈಗೆಟುಕಿದ ಸತ್ತ ಗಿಡ ತೆಗೆದು ಸುಟ್ಟರು. ಉಳಿದ ಮೂರು ಮಡಿಗೆ ಒಲೆಯ ಬೂದಿ ಉದುರಿಸಿದರು. ಬಸಳೆ ಮಾತ್ರ ಏನೂ ಆಗದಂತೆ ಚಪ್ಪರದ ಮೇಲಿದೆ. ಈಗ ದಿನಕ್ಕೆ ಹನ್ನೊಂದು ಕಟ್ಟು. ಬಸ್ ಸ್ಟ್ಯಾಂಡಿನ ಜಾಗ ಕೈ ತಪ್ಪದಿರಲೆಂದು ಅಷ್ಟನ್ನೇ ಹಿಡಿದು ಹೋಗಿ ಕೂತು ಬರುತ್ತಾರೆ. ತಿರುಗಿ ಬಂದ ಮೇಲೆ ಮತ್ತೆ ಗುದ್ದಲಿ.

ಏರಿನ ನೀರು ಹಿತ್ತಲಿಗಿಳಿಯದೆ ಹಳ್ಳಕ್ಕೆ ಹೋಗುವಂತೆ, ಕಾಲುವೆಗೆ ಶುಂಠಿ ಹೊಲದಂಚಿನ ಒಂದು ಮೊಳ ಜಾಗ ಬಿಟ್ಟುಕೊಟ್ಟವರು ಯತೀಶ. "ಆ ತಾಯಿ ನೀರಿಗೆ ಬೆನ್ನು ಕೊಟ್ಟು ಕೂತಿದ್ದು ನೋಡಿದೆ. ಆಮೇಲೆ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ," ಎನ್ನುತ್ತಾರೆ. ಭಾನುವಾರ ಚೈತ್ರಳೂ ಬರುತ್ತಾಳೆ. ಅಮ್ಮ ಕಡಿದ ಮಣ್ಣನ್ನು ಮಗಳು ಹೊರುತ್ತಾಳೆ. 

"ಭೂಮಿ ಹುಣ್ಣಿಮೆಯೊಳಗೆ ಹಳ್ಳ ಮುಟ್ಟಿಸ್ಬೇಕ್ರೀ," ಯಮುನಮ್ಮನ ಆಸೆ ಅಷ್ಟೇ. "ಆವತ್ತು ಅಕ್ಕ ಪುಟ್ಟಿ ಹಿಡ್ಕೊಂಡು ಒಡ್ಡಿಗೆ ಬರ್ತಾಳೆ. ಮಣ್ಣು ಹಾಕೋದು ಬ್ಯಾಡ, ಈ ಸಲ ಎರಡು ಗೇಣು ಇಳಿಸೋಣು, ನೀರಿಗೆ ಬೇರೆ ದಾರಿ ಆಗೈತಿ ಅಂತ ಹೇಳ್ಬೇಕು."

ಗಂಡನ ಮಾತಿಗಾಗಿ ಹಿತ್ತಲನ್ನೇ ಕೊಟ್ಟಳು, ಮಾತು ಉಳಿಸಿಕೊಂಡಳು ಎಂದು ಊರಿನವರು ಹೇಳುತ್ತಾರೆ. ಗುಡ್ಡಮ್ಮನೂ ಹಾಗೇ ಹೇಳುತ್ತಾರೆ. ಯಮುನಮ್ಮ ಒಪ್ಪುವುದಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಗುದ್ದಲಿಗೆ ಅಂಟಿದ ಮಣ್ಣನ್ನು ಬೆರಳಿನಿಂದ ಬಳಿದು ತೆಗೆಯುತ್ತಾರೆ.

"ಒಡ್ಡು ನಮ್ದು, ಗುದ್ದಲಿ ನಮ್ದು, ಮಗಳು ನಮ್ಮಾಕಿ. ನೀರು ಹೋಗಿದ್ದು ಅವರ ಮನಿಗೆ. ಉಳೀತು ಅಂತ ಹೆಂಗ್ ಹೇಳ್ಲಿ?"

ಲೋಕಪ್ಪ ಕೊಟ್ಟ ಮಾತು ಮೂವತ್ತೊಂದು ವರ್ಷ ನಡೆಯಿತು. ಈ ಶ್ರಾವಣದಲ್ಲಿ ಮುರಿಯಿತು.