ಮಾದರಿಗೆ ಆರಿಸಿದ ಕುರ್ಚಿ

ಹೋದ ತಿಂಗಳು ತೀರಿಕೊಂಡ ಬಡಗಿಯೊಬ್ಬನನ್ನು ಅವನ ಕುರ್ಚಿ ಕಾರ್ಖಾನೆಯಲ್ಲಿ ಎಲ್ಲರೂ ಅಂಗೈಯಣ್ಣ ಎನ್ನುತ್ತಿದ್ದರು. ಅಲ್ಲಿ ತಯಾರಾಗುತ್ತಿದ್ದದ್ದು ಐವತ್ತರ ದಶಕದ ಸ್ಕ್ಯಾಂಡಿನೇವಿಯ ಬಗೆಯ ಕುರ್ಚಿಗಳು: ಸಪೂರ ಕಾಲು, ಕೆತ್ತನೆಯಿಲ್ಲದ ಮೈ, ಚಿಕ್ಕ ಮನೆಯಲ್ಲೂ ಒಂದೇ ಕೈಯಲ್ಲಿ ಎತ್ತಿಡಬಹುದಾದಷ್ಟು ಹಗುರ. ಅಂದವೆಲ್ಲ ಇದ್ದದ್ದು ಕೂತವರು ಕೈಯಿಡುವ ತೋಳಿನಲ್ಲಿ. ಬೆನ್ನಿನಿಂದ ಬಳುಕಿ ಮುಂದೆ ಬರುವ ಆ ತೋಳನ್ನು ಉಜ್ಜಿ ಮುಗಿಸುವುದು ಅವನ ಕೆಲಸ. ಕೊನೆಗೆ ಕಣ್ಣು ಮುಚ್ಚಿ ಅಂಗೈ ಹರಿಸುತ್ತಿದ್ದ. ಎಲ್ಲಿ ತಡೆಯಿತೋ ಅಲ್ಲಿ ಇನ್ನೂ ಮರ ಉಳಿದಿದೆ ಎಂದರ್ಥ. "ಕಣ್ಣು ಮುಖಸ್ತುತಿ ಮಾಡುತ್ತೆ, ಅಂಗೈ ಚಾಡಿ ಹೇಳುತ್ತೆ" ಎನ್ನುತ್ತಿದ್ದ.

ಮೂವತ್ತು ವರ್ಷ ಉಜ್ಜುಯಂತ್ರದ ನಡುಕ ಉಂಡ ಆ ಕೈ ಕೆಲಸದ ಕೊನೆಯ ಎರಡು ವರ್ಷ ಜೋಮು ಹಿಡಿದುಬಿಟ್ಟಿತ್ತು. ಅಂಗಿಯ ಗುಂಡಿಯನ್ನೂ ಹೆಂಡತಿಯೇ ಹಾಕಬೇಕು. ಕಾರ್ಖಾನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ತೋಳನ್ನು ದೀಪಕ್ಕೆ ಓರೆಯಾಗಿ ಹಿಡಿದು, ನೆರಳು ನೋಡಿ ಒಪ್ಪುತ್ತಿದ್ದ. ಆಮೇಲೆ ರೂಢಿಗೆಂದು ಕಣ್ಣು ಮುಚ್ಚುತ್ತಿದ್ದ.

ಹೀಗಿರುವಾಗ ತೋಳು ಕಡೆಯುವ ಹೊಸ ಯಂತ್ರ ಬಂತು. ಒಂದು ತೋಳನ್ನು ಮಾದರಿಯಾಗಿ ಕೊಟ್ಟರೆ ಅದರ ಏರಿಳಿತವನ್ನೆಲ್ಲ ಹಿಂಬಾಲಿಸಿ ಸಾವಿರ ತೋಳು ಕಡೆಯುತ್ತದೆ. ಮೇಲ್ವಿಚಾರಕ ಅಂಗೈಯಣ್ಣನೇ ಮುಗಿಸಿದ ಆರು ಕುರ್ಚಿಗಳನ್ನು ಸಾಲಾಗಿ ಇಡಿಸಿದ.

"ನೀನು ರಿಟೈರಾಗಿ ಮನೆಗೆ ಹೋದ್ರೂ ನಿನ್ನ ಕೆಲಸ ಇಲ್ಲೇ ಇರುತ್ತೆ. ಒಂದನ್ನ ಆರಿಸು."

ಅವನಿಗೆ ಬೇಕಿದ್ದದ್ದೂ ಅಷ್ಟೇ. ತಾನಿಲ್ಲದ ಮೇಲೂ ಆ ತೋಳು ಸರಿಯಾಗಿರಬೇಕು.

ಹಗ್ಗದಿಂದ ಸೀಟು ಹೆಣೆಯುವ ಅಕ್ಕ ಪಕ್ಕದಲ್ಲೇ ಇದ್ದಳು. "ಏನಣ್ಣಾ, ಅಳಿಯನ್ನ ಆರಿಸೋ ಹಾಗೆ ನಿಂತುಬಿಟ್ಟೆ? ನಾನೂ ಒಂದ್ಸಲ ಮುಟ್ಟಿ ಹೇಳ್ಲಾ?"

"ನೀನು ನಿನ್ನ ಹಗ್ಗ ನೋಡ್ಕೋ ತಾಯಿ. ಮರ ನಂಗೆ ಬಿಡು."

'ಹೂಂ, ಮುಟ್ಟು' ಅಂದಿದ್ದರೆ ಸಾಕಿತ್ತು. ಅವನು ಕಣ್ಣು ಮುಚ್ಚಿ, ಏನೂ ತಿಳಿಯದ ಅಂಗೈಯನ್ನು ಆರರ ಮೇಲೂ ಹರಿಸಿ, ಮೂರನೆಯದನ್ನು ತಟ್ಟಿದ.

ಎರಡು ತಿಂಗಳಲ್ಲಿ ಅವನಿಗೆ ನಿವೃತ್ತಿಯಾಯಿತು. ಯಂತ್ರ ಕಡೆದ ಕುರ್ಚಿಯೊಂದನ್ನು ಕಾಣಿಕೆಯಾಗಿ ಕೊಟ್ಟು ಕಳಿಸಿದರು. ಹೆಂಡತಿ ಕೂತು ತೋಳಿನ ಮೇಲೆ ಕೈಯಿಟ್ಟಳು.

"ಇದೇನ್ರೀ, ಮೊಣಕೈ ಹತ್ರ ಬಟಾಣಿ ಸಿಕ್ಕಿಕೊಂಡ ಹಾಗಿದೆಯಲ್ಲ?"

"ಎಲ್ಲಿ?"

ಅವನ ಬೆರಳು ಹಿಡಿದು ಅಲ್ಲೇ ಒತ್ತಿದಳು. "ಇಲ್ಲಿ. ಸಿಕ್ತಾ?"

ಸಿಗಲಿಲ್ಲ. ಮಂಡಿಯೂರಿ ಕೂತು, ಕೆನ್ನೆಯನ್ನು ತೋಳಿಗೆ ಆನಿಸಿ ಮೆಲ್ಲಗೆ ಎಳೆದ. ಆಗ ಸಿಕ್ಕಿತು.

ಮರುದಿನ ಬೆಳಿಗ್ಗೆಯೇ ಕಾರ್ಖಾನೆಗೆ ಹೋಗಿ ಕೈಯ ವಿಷಯವನ್ನೆಲ್ಲ ಒಪ್ಪಿಕೊಂಡ. "ಮಾದರಿ ಬದಲಾಯಿಸಿ. ಆ ಅಕ್ಕನೇ ಮುಟ್ಟಿ ಆರಿಸ್ಲಿ."

ಮೇಲ್ವಿಚಾರಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಿತ್ತು.

"ಈಗಾಗ್ಲೇ ನಾನೂರು ಕುರ್ಚಿ ಹೋಗಿವೆ. ಬದಲಾಯಿಸಿದ್ರೆ ಹಳೇದಕ್ಕೂ ಹೊಸದಕ್ಕೂ ಜೋಡಿ ಕೂಡಲ್ಲ. ಅಲ್ಲದೆ ಆ ಉಬ್ಬಿನ ಬಗ್ಗೆ ಒಬ್ಬರಾದ್ರೂ ಕೇಳಿದ್ದಾರಾ? ಈಗ ಯಾರಣ್ಣ ತೋಳು ಸವರ್ತಾ ಕೂರ್ತಾರೆ?"

ಅದಾದ ಮೇಲೆ ಅವನು ಒಂದು ವರ್ಷವೂ ಬದುಕಲಿಲ್ಲ. ಅಷ್ಟರಲ್ಲೇ ಅವನ ಬೀದಿಯ ಹೊಸ ಮನೆಗಳಲ್ಲಿ ಎಲ್ಲಿ ನೋಡಿದರೂ ಅದೇ ಕುರ್ಚಿ. ಮನೆಯವರು "ಕೂತ್ಕೊಳ್ಳಿ" ಎಂದರೆ, ಪರವಾಗಿಲ್ಲ ಎಂದು ನಿಂತೇ ಮಾತಾಡಿ ಬರುತ್ತಿದ್ದ.